ಮಾರಿಕಣಿವೆಯ ದೋಣಿ, ಐಮಂಗಲದ ಬಿಸಿಲು

ನಾನು ಚಿಕ್ಕವನಿದ್ದಾಗ ಸಿರಿಗೆರೆ ಸೀಮೆಯಲ್ಲಿ ದೋಣಿ ಎಂದರೆ ದನಕ್ಕೆ ನೀರು ಕುಡಿಸುವ ಕಲ್ದೋಣಿ. ನೀರಿನ ಮೇಲೆ ತೇಲುವ ದೋಣಿ ಇದ್ದದ್ದು ಶಾಲೆಯ ಪುಸ್ತಕದ ಚಿತ್ರದಲ್ಲಿ ಮಾತ್ರ. ಅಂಥ ಊರಿಗೆ ನನ್ನ ತಂಗಿಯ ಮಗ ಹದಿನಾಲ್ಕು ಅಡಿಯ ಫೈಬರ್ ದೋಣಿ ತರುತ್ತೇನೆಂದು ಹೊರಟಾಗ ಮನೆಯವರೆಲ್ಲ ನಕ್ಕೆವು. ಅವನ ಲೆಕ್ಕ ಸರಿಯಾಗಿಯೇ ಇತ್ತು. ತುಂಗಭದ್ರೆಯ ನೀರನ್ನು ಏತದಿಂದ ಎತ್ತಿ ಭರಮಸಾಗರದ ಕೆರೆಗೆ ತಂದ ಮೇಲೆ ನಮ್ಮ ಸುತ್ತಿನ ಕೆರೆಗಳಿಗೂ ಜೀವ ಬಂದಿದೆ. ಅವುಗಳಲ್ಲೊಂದರಲ್ಲಿ ಮೀನು ಸಾಕುವ ಗುತ್ತಿಗೆ ಇವನಿಗೆ ಸಿಕ್ಕಿತ್ತು. ಬಲೆ ಬಿಡಲು ದೋಣಿ ಬೇಕು. ಅದು ಸಿಕ್ಕಿದ್ದು ಮಾರಿಕಣಿವೆಯಲ್ಲಿ, ಕಸುಬು ಬಿಟ್ಟ ಒಬ್ಬರ ಹಿತ್ತಲಲ್ಲಿ, ಎರಡು ಗಾಲಿಯ ಟ್ರಾಲಿಯ ಸಮೇತ.

ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷ ನಮ್ಮ ಜಿಲ್ಲೆಯವರು ಅದರ ತಳ ನೋಡಿಕೊಂಡೇ ಬದುಕಿದ್ದು ಹೆಚ್ಚು. ಅಲ್ಲಿಂದ ದೋಣಿಯೊಂದು ಸಿರಿಗೆರೆಗೆ ವಲಸೆ ಬರುತ್ತದೆ ಎಂದರೆ, ದೊಡ್ಡಪ್ಪ ಇದ್ದಿದ್ದರೆ ಹೆಗಲ ವಲ್ಲಿ ತೆಗೆದು ಕೊಡವಿ, "ಕಾಲ ಕೆಟ್ಟಿಲ್ಲ ಬಿಡಪ್ಪ" ಅನ್ನುತ್ತಿದ್ದರು.

ಏಪ್ರಿಲ್ ತಿಂಗಳು. ಹುಡುಗನ ಹತ್ತಿರ ಇರುವುದು ಪುಟ್ಟ ಎಸ್‌ಯುವಿ. ನೋಡಲು ಗಟ್ಟಿಮುಟ್ಟು, ಎಂಜಿನ್ ಮಾತ್ರ ಒಂದು ಲೀಟರಿನದು. ಟ್ರಾಲಿ ಎಳೆಯಬೇಡಿ ಎಂದು ಕಾರಿನ ಕೈಪಿಡಿಯಲ್ಲೇ ಬರೆದಿತ್ತು. ಅದನ್ನು ನಾವು ಓದಿದ್ದು ಆಮೇಲೆ. ಹಿರಿಯೂರು ದಾಟಿ ಹೆದ್ದಾರಿ ಹಿಡಿದೆವು. ಕಣ್ಣಿಗೆ ಸಪಾಟಾಗಿ ಕಾಣುವ ಆ ರಸ್ತೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ನೂರು ಮೀಟರು ಮೇಲೇರಿರುತ್ತದೆ. ಖಾಲಿ ಕಾರಿಗೆ ಗೊತ್ತಾಗದ ಆ ಏರು ದೋಣಿ ಕಟ್ಟಿಕೊಂಡ ಕಾರಿಗೆ ಗೊತ್ತಾಗುತ್ತದೆ. ಸಾಲದ್ದಕ್ಕೆ ಗಾಳಿ ಹಿಂದಿನಿಂದ ಬೀಸುತ್ತಿತ್ತು. ದೂಡುವ ಗಾಳಿ ಒಳ್ಳೆಯದೆಂದು ಹುಡುಗ ಹಿಗ್ಗಿದ. ರೇಡಿಯೇಟರಿಗೆ ಬೇಕಾದದ್ದು ಎದುರುಗಾಳಿ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅನ್ನಿ.

ಐಮಂಗಲದ ಹತ್ತಿರ ಕೆಂಪು ದೀಪ ಹತ್ತಿತು.

ದೊಡ್ಡಪ್ಪನ ಜೀಪಿನಲ್ಲಿ ಕಾವು ತೋರಿಸುವ ಮುಳ್ಳೊಂದಿತ್ತು. ಅದು ನಿಧಾನಕ್ಕೆ ಮೇಲೇರುವುದನ್ನು ನೋಡುತ್ತ ನೋಡುತ್ತ ನಾವು ಮುಂದಿನ ಮರ ಹುಡುಕುತ್ತಿದ್ದೆವು. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಕೈಮೀರಿದಾಗ ಕೆಂಪು ದೀಪ. ನಡುವೆ ಮೌನ. ಸಿಟ್ಟು ನುಂಗಿಕೊಂಡು ಒಂದೇ ಸಲ ತವರಿಗೆ ಹೊರಟು ನಿಲ್ಲುವ ಸೊಸೆಯ ಹಾಗೆ.

"ಏಸಿ ಆರಿಸು, ಹೀಟರ್ ಹಾಕು" ಎಂದೆ. "ಈ ಬಿಸಿಲಾಗೆ ಹೀಟರಾ ಮಾವ?" ಎಂದು ಅವನು ನನ್ನ ತಲೆಯ ಕಡೆ ನೋಡಿದ. ಹೀಟರ್ ಎಂದರೆ ಅದೂ ಒಂದು ಮರಿ ರೇಡಿಯೇಟರೇ. ಎಂಜಿನ್ನಿನ ಕಾವನ್ನು ನಮ್ಮ ಮುಖಕ್ಕೆ ಊದಿ ಅದಕ್ಕಷ್ಟು ಉಪಕಾರ ಮಾಡುತ್ತದೆ. ದೊಡ್ಡ ಗೇರಿನಲ್ಲಿ ಉಬ್ಬಸ ಪಡುತ್ತಿದ್ದದ್ದನ್ನು ಮೂರನೇ ಗೇರಿಗೆ ಇಳಿಸಿದೆವು. ಎಂಜಿನ್ ಚುರುಕಾಗಿ ತಿರುಗಿದರೆ ನೀರಿನ ಪಂಪೂ ಚುರುಕಾಗುತ್ತದೆ. ಬೆವರಿನಲ್ಲಿ ತೊಯ್ದು ಅರ್ಧ ಕಿಲೋಮೀಟರ್ ತೆವಳಿ ಬೇವಿನ ಮರವೊಂದರ ಪಕ್ಕ ನಿಂತೆವು. ಇಳಿದವನೇ ಹುಡುಗ ಬಾನೆಟ್ ಎತ್ತಿ ಮುಚ್ಚಳಕ್ಕೆ ಕೈ ಹಾಕಿದ. ನಾನು ಕೂಗಿದ ಕೂಗಿಗೆ ಹೊಲದಲ್ಲಿದ್ದ ಕುರಿಗಳೂ ತಲೆ ಎತ್ತಿದವು.

ದೊಡ್ಡಪ್ಪನ ಬಲಗೈಯಲ್ಲಿ ಮೊಣಕೈತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ತರಳಬಾಳು ಹುಣ್ಣಿಮೆಗೆ ಜೀಪಿನ ಹಿಂದೆ ಟ್ರೇಲರ್ ಕಟ್ಟಿ, ರೊಟ್ಟಿ ಬುಟ್ಟಿ, ಅಕ್ಕಿ ಮೂಟೆ, ಹೆಂಗಸರು ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗುವಾಗ ದಾರಿಯಲ್ಲಿ ಮುಚ್ಚಳ ತೆಗೆದ ಗುರುತು ಅದು. ರೇಡಿಯೇಟರೂ ಒಂದು ಕುಕ್ಕರೇ. ಚಿತ್ರದುರ್ಗದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಮುಚ್ಚಳ ಬಿಗಿದು ಒತ್ತಡ ಕೂಡಿಸಿ, ನೀರಿಗೆ ಸಮಪಾಲು ಕೂಲೆಂಟ್ ಬೆರೆಸಿದರೆ 120 ದಾಟಿದರೂ ಕುದಿಯದು. ಆ ಒತ್ತಡವನ್ನು ಒಮ್ಮೆಗೇ ಬಿಟ್ಟರೆ ಕುದಿನೀರು ಆವಿಯ ಸಮೇತ ಮುಖಕ್ಕೇ ಎಗರುತ್ತದೆ.

ತಣಿಯುವತನಕ ಕಾಯಬೇಕಿತ್ತು. ದೋಣಿಯೊಳಗೆ ಹತ್ತಿ ಕುಳಿತು ಬುತ್ತಿ ಬಿಚ್ಚಿದೆವು. ಸುತ್ತ ಒಂದು ಹನಿ ನೀರಿಲ್ಲ. ಕುರಿ ಕಾಯುವ ಅಜ್ಜ ದೋಣಿಯ ನೆರಳಿಗೆ ಬಂದು ನಿಂತು, "ಯಾವ ಕಡೆ ಹೊಳೆ ಬಂದೈತೆ ಸ್ವಾಮಿ?" ಎಂದ. ಉಳಿದಿದ್ದ ಒಂದು ಬಾಟಲಿ ನೀರು ನಮ್ಮ ಗಂಟಲಿಗೋ ಕಾರಿನ ಗಂಟಲಿಗೋ ಎಂಬ ಚರ್ಚೆ ನಡೆದಿತ್ತು. ಕೊನೆಗೆ ಅಜ್ಜ ಕುಡಿದ.

ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಅವನು ಮಾಡಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟ ಗಟ್ಟಿಗಿತ್ತಿ. ಹೆಚ್ಚುಕಡಿಮೆ ನೂರು ಕಿಲೋಮೀಟರ್ ದಾರಿ. ಆ ಗಾಡಿಗೆ ಈಗಿನಂಥ ರೇಡಿಯೇಟರ್ ಇರಲಿಲ್ಲ. ನೀರು ಆವಿಯಾಗಿ ಹೋಗುತ್ತಲೇ ಎಂಜಿನ್ ತಣ್ಣಗಿರಬೇಕು. ಹಾಗಾಗಿ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡಳು. ಏರು ಬಂದಾಗ ಮಕ್ಕಳು ಇಳಿದು ದೂಡಿದರು. ತವರಿಗೆ ಹೋಗುವ ಹೆಂಗಸನ್ನು ತಡೆಯಲು ಜರ್ಮನಿಯ ದಿಬ್ಬಗಳಿಗೂ ಆಗಲಿಲ್ಲ. ಮುಂದೆ ವಿಲ್‌ಹೆಲ್ಮ್ ಮೇಬ್ಯಾಕ್ ಎಂಬ ಎಂಜಿನಿಯರ್ 1900ರ ಹೊತ್ತಿಗೆ ಮರ್ಸಿಡಿಸ್ ಕಾರಿಗೆಂದು ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಅದರಲ್ಲಿ 8070 ಪುಟ್ಟ ಚೌಕ ಕೊಳವೆಗಳು. ಬಿಸಿನೀರನ್ನು ತೆಳ್ಳಗೆ ಹರಡಿ ಗಾಳಿಗೆ ಒಡ್ಡುವುದು, ಇಷ್ಟೇ ಉಪಾಯ. ಸುಡುಬಿಸಿ ಕಾಫಿಯನ್ನು ನಮ್ಮಜ್ಜಿ ಬಸಿಗೆ ಸುರಿದುಕೊಂಡು ಊದುತ್ತಿದ್ದದ್ದೂ ಅದಕ್ಕೇ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ರೇಡಿಯೇಟರಿನ ದಾರಿಯಲ್ಲೇ ಹೊರಗೆ ಹೋಗಬೇಕು.

ಮುಕ್ಕಾಲು ಗಂಟೆಯ ಮೇಲೆ ಮುಚ್ಚಳ ಮುಟ್ಟುವಷ್ಟು ತಣಿಯಿತು. ಬಟ್ಟೆ ಹಿಡಿದು ಬಿಚ್ಚಿದೆ. ಅಜ್ಜ ತೋರಿಸಿದ ತೋಟದ ಬೋರಿನಿಂದ ಕೊಡದಲ್ಲಿ ನೀರು ತಂದು, ಎಂಜಿನ್ ಓಡಿಸಿಟ್ಟು ಸ್ವಲ್ಪ ಸ್ವಲ್ಪವೇ ಹುಯ್ದೆವು. ಕಾದ ಕಬ್ಬಿಣಕ್ಕೆ ತಣ್ಣೀರು ಒಮ್ಮೆಗೇ ಸುರಿದರೆ ಹೆಡ್ಡು ಬಿರುಕು ಬಿಡುತ್ತದೆ, ಇದೂ ದೊಡ್ಡಪ್ಪ ಹೇಳಿಕೊಟ್ಟದ್ದು. ನನ್ನ ಹಳೇ ವಿದ್ಯೆಗೆ ಹುಡುಗ ಮೊದಲ ಸಲ ತಲೆದೂಗಿದ. ಕಾರು ಹೇಗೋ ದುರ್ಗ ಸೇರಿತು. ದೋಣಿ ಅಲ್ಲಿಂದ ಟ್ರ್ಯಾಕ್ಟರ್ ಹಿಂದೆ ಸಿರಿಗೆರೆಗೆ ಹೋಯಿತು.

ಮಾರನೆಯ ದಿನ ಮೇಸ್ತ್ರಿ ರೇಡಿಯೇಟರ್ ಇಳಿಸಿ ಬಗ್ಗಿಸಿದ. ಹೊರಗಿನ ರೆಕ್ಕೆಗಳ ಸಂದಿಯಲ್ಲಿ ಮೆಕ್ಕೆಜೋಳದ ಹೊಟ್ಟು, ಸತ್ತ ಹುಳು. ಒಳಗಿಂದ ಉದುರಿದ್ದು ಬಿಳಿಯ ಹಕ್ಕಳೆ.

"ಇದು ರೇಡಿಯೇಟ್ರಲ್ಲ ಸ್ವಾಮಿ, ನಿಮ್ಮನೆ ಬಚ್ಚಲ ಹಂಡೆ. ಯಾರು ಹಾಕಿದ್ರು ಇದಕ್ಕೆ ಬೋರ್ ನೀರು?"

ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿ ಅಷ್ಟಷ್ಟು ಸೋರುತ್ತಿತ್ತಂತೆ. ಕಡಿಮೆಯಾದದ್ದನ್ನು ಕಂಡು ಪ್ರತಿ ಸೋಮವಾರ ಬೆಳಿಗ್ಗೆ, ಬಸವನಿಗೆ ನೀರು ಕುಡಿಸುವ ಭಕ್ತಿಯಿಂದ, ಒಂದು ವರ್ಷ ಕಾಲ ನಮ್ಮ ಹಿತ್ತಲಿನ ಗಡಸು ನೀರನ್ನು ಚೊಂಬಿನಲ್ಲಿ ತಂದು ಹುಯ್ದವನು ನಾನೇ. ಜೀಪಿಗೆ ಹಾಗೇ ಹುಯ್ಯುತ್ತಿದ್ದೆವು. ಅದರ ಕೊಳವೆಗಳು ದಪ್ಪ, ಸಹಿಸಿಕೊಳ್ಳುತ್ತಿತ್ತು. ಈ ಕಾರಿನವು ಬಲು ಸಣ್ಣವು. ಸುಣ್ಣ ಕಟ್ಟಿಕೊಂಡರೆ ಮುಗಿಯಿತು. ಕೂಲೆಂಟೂ ತೆಳುವಾಗಿ ಹೆಸರಿಗಷ್ಟೇ ಉಳಿದಿತ್ತು. ಮೇಸ್ತ್ರಿಯ ಪ್ರಶ್ನೆಗೆ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ.

ದೋಣಿ ಈಗ ಕೆರೆಯಲ್ಲಿದೆ. ಹುಡುಗ ಎಲ್ಲಿಗೆ ಹೊರಟರೂ ಬಾನೆಟ್ ಎತ್ತಿ ನೋಡಿ, ಅಂಗಳದಿಂದಲೇ ಕೂಗುತ್ತಾನೆ:

"ಮಾವಾ, ಚೊಂಬು ಎಲ್ಲೈತೆ?"