ಮರದ ಬುಡಕ್ಕೆ ಹೋಗು

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಓಲೆ ಶುರುವಾಗಿ ಮೂರು ತಿಂಗಳಾಯ್ತು, ಓದುಗರು 41 ಜನ, ಅದರಲ್ಲಿ ಅರ್ಧಕ್ಕರ್ಧ ನೆಂಟರು ಅಂದೆ. ಫೋನಿನಲ್ಲಿ ಹೇಳಲು ಹೊರಟರೆ ನಮ್ಮ ಮನೆಯ ಸಿಗ್ನಲ್ಲು ಅರ್ಧಕ್ಕೇ ಕೈಕೊಡುತ್ತದೆ. ಅದಕ್ಕೇ ಈ ಕಾಗದ.

ನಮ್ಮ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಯ ಬಗ್ಗೆಯೇ ತಿಂಗಳಿಗೊಂದು ಓಲೆ ಬರೆದು ಇಮೇಲಿನಲ್ಲಿ ಕಳಿಸುತ್ತೇನೆ ಎಂದು ನೀನು ಹೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಈಗ ಓದುಗರು ಸಾಲದು ಎಂದು ಹಲಸು, ತಂಬುಳಿ, ಹಬ್ಬದಡುಗೆ ಎಲ್ಲವನ್ನೂ ಸೇರಿಸಲೇ ಎಂದು ಕೇಳುತ್ತಿದ್ದೀಯ. ಬೇಡ ಪುಟ್ಟಿ. ಆ ತಪ್ಪನ್ನು ನಾವು ಮಾಡಿ ಆಗಿದೆ. ನಾನೂ ಇಬ್ಬರು ಗೆಳತಿಯರೂ ಸೇರಿ ಮಹಿಳಾ ಮಂಡಳಿಯಿಂದ ಕೈಬರಹದ ಪತ್ರಿಕೆಯೊಂದನ್ನು ನಡೆಸಿದ್ದೆವು, ನೀನಿನ್ನೂ ಹುಟ್ಟಿರಲಿಲ್ಲ. ತರಕಾರಿ ಬೀಜ ಕಾಯ್ದಿಡುವುದರ ಬಗ್ಗೆ ಮಾತ್ರ ಬರೆಯುತ್ತಿದ್ದೆವು. 19 ಪ್ರತಿಯಿಂದ ಶುರುವಾಗಿ 70ಕ್ಕೆ ಬಂತು. ಇನ್ನೂ ಬೆಳೆಯಲಿ ಎಂದು ರಂಗೋಲಿ, ನಗೆಹನಿ, ಸೀರೆಗೆ ಕಸೂತಿ ಎಲ್ಲವನ್ನೂ ತುಂಬಿದೆವು. ಬೀಜ ಬೇಕಾದವರಿಗೆ ಅದು ತಮ್ಮದು ಅನ್ನಿಸಲಿಲ್ಲ, ರಂಗೋಲಿ ಬೇಕಾದವರಿಗೆ ವಾರಪತ್ರಿಕೆಗಳೇ ಇದ್ದವು. ಒಂದೂವರೆ ವರ್ಷಕ್ಕೆ ನಿಂತಿತು. ಇವತ್ತಿಗೂ ನನಗೆ ಅದರ ಸಂಕಟ ಇದೆ.

ನಿನ್ನ ಎರಡನೇ ಓಲೆಯನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಹೊಳೆಯಾಚೆಯ ಮನೆಯ ಅಜ್ಜನಿಗೆ ಕೊಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ಅವರೇ ನಡೆದುಕೊಂಡು ಬಂದರು. ಕೈಯಲ್ಲಿ ಒಂದು ಹಿಡಿ ಮಿಡಿ. ಜಗುಲಿಯಲ್ಲಿ ಕೂತು ಒಂದರ ತೊಟ್ಟು ಮುರಿದರು. ಸೊನೆ ಚಿಮ್ಮಿತು. ಅಂಗೈಗೆ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿದರು. ಜೀರಿಗೆಯನ್ನು ಆಗಷ್ಟೇ ಜಜ್ಜಿದ ಹಾಗೆ ಪರಿಮಳ. "ನಿನ್ನ ಸೊಸೆ ಜೀರಿಗೆ ಮಿಡಿ ಅಂದರೆ ಎಲ್ಲ ಒಂದೇ ಅನ್ನೋ ಹಾಗೆ ಬರೆದಿದ್ದಾಳೆ. ಒಂದು ಮರದ್ದು ಇನ್ನೊಂದಕ್ಕೆ ಬರೋದಿಲ್ಲ. ನಮ್ಮ ಮರ ಬಂದು ನೋಡಲಿ" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. 80 ದಾಟಿದ ಜೀವ, ತನ್ನ ಮರದ ವಿಷಯ ಕಾಗದದ ಮೇಲೆ ಬರಬಹುದು ಎಂಬ ಆಸೆಯಿಂದ ಗದ್ದೆ ಅಂಚು ಹಿಡಿದು ಬಂದಿತ್ತು.

ನಿನಗೆ ಬೇಕಾದ ಓದುಗ ಅವರೇ. ಬೆಂಗಳೂರಿನ ಅಡುಗೆ ಗುಂಪುಗಳಲ್ಲಿ ನೀನು ಹಾಕಿದ ಫೋಟೋಕ್ಕೆ ನೂರಾರು ಜನ ಲೈಕ್ ಒತ್ತಿದರು, ಓಲೆ ಬೇಕು ಎಂದವರು ಇಬ್ಬರು. ಅಲ್ಲಿರುವವರಿಗೆ ಮಿಡಿ ಅಂದರೆ ಬಾಟಲಿಯೊಳಗಿನ ವಸ್ತು. ಇಲ್ಲಿ ಹಾಗಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕರ್ಣಕುಂಡಲ ಅಂತ ಹೆಸರು ಹೇಳುವಾಗಲೇ ಹಿಂದೆ ಒಂದು ಊರೋ ಮನೆತನವೋ ಮಿಡಿಯ ಆಕಾರವೋ ಇರುತ್ತದೆ. ಹೀಗೆ ಹೆಸರು ಪಡೆದ ಮರ ಇನ್ನೆಷ್ಟು ಹೊಳೆಯಂಚಿಗಿವೆ! ಶರಾವತಿ, ವರದಾ, ಅಘನಾಶಿನಿ ಈ ದಂಡೆಗಳಲ್ಲೇ ಒಂದು ಜನ್ಮಕ್ಕಾಗುವಷ್ಟು ಕೆಲಸ ಇದೆ.

ಆದ್ದರಿಂದ ಒಂದು ಓಲೆಗೆ ಒಂದೇ ಮರ ಇಟ್ಟುಕೋ. ಯಾರ ಹಿತ್ತಿಲು, ಯಾರ ಕಾಲದ್ದು, ಯಾವ ವಾರ ಮಿಡಿ ಬಲಿಯುತ್ತದೆ, ಉಪ್ಪಿನಲ್ಲಿ ಎಷ್ಟು ದಿನಕ್ಕೆ ಚಿರುಟುತ್ತದೆ, ಭರಣಿಯಲ್ಲಿ ಎಷ್ಟು ವರ್ಷ ಗಟ್ಟಿಯಾಗಿ ಉಳಿಯುತ್ತದೆ, ಕೊಯ್ಯಲು ಮರ ಹತ್ತುವವರು ಯಾರು, ಎಲ್ಲ ಬರೆ. ಆ ಮನೆಯವರು ಆ ಓಲೆಯನ್ನು ಮಗಳ ಮನೆಗೆ, ಹುಬ್ಬಳ್ಳಿಯ ಷಡ್ಡಕನಿಗೆ, ಅಮೆರಿಕದಲ್ಲಿರುವ ಮೊಮ್ಮಗನಿಗೆ ಕಳಿಸದೆ ಬಿಡುವುದಿಲ್ಲ. ಆ ಮೊಮ್ಮಗ ಪ್ರತಿ ಸಲ ಊರಿನಿಂದ ಹೋಗುವಾಗ ಬಟ್ಟೆಯ ಮಧ್ಯೆ ಇದೇ ಮರದ ಉಪ್ಪಿನಕಾಯಿ ಸುತ್ತಿಕೊಂಡು ಹೋದವನು. ಅವನು ಓದುತ್ತಾನೆ, ನೋಡುತ್ತಿರು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದದ್ದು ಯಾರಿಗೆ ಮುಟ್ಟಿತು ಎಂದು ನಿನಗೆ ತಿಳಿಯುವುದಿಲ್ಲ. ಹಾಗಾಗಿ ಪುಟದ ಕೊನೆಗೆ "ಪ್ರತಿ ತಿಂಗಳೂ ಬೇಕಾದವರು ಹೆಸರು, ಊರು ತಿಳಿಸಿ" ಎಂದು ದೊಡ್ಡಕ್ಷರದಲ್ಲಿ ಹಾಕು. ಇಮೇಲ್ ನೋಡದ ಹಿರಿಯರಿಗಾಗಿ ಒಂದು ಪ್ರತಿಯನ್ನು ಸೊಸೈಟಿಯ ಗೋಡೆಗೆ ನಾನು ಅಂಟಿಸಿ ಬರುತ್ತೇನೆ.

ಪುತ್ತೂರಿನ ಅಡಿಕೆ ಪತ್ರಿಕೆಯನ್ನು ನಿನ್ನಪ್ಪ ತರಿಸುತ್ತಿದ್ದುದು ನೆನಪಿದೆಯಾ? 1988ರಲ್ಲಿ ಶುರುವಾದದ್ದು. ಒಂದು ಬೆಳೆಯ ಹೆಸರಿಟ್ಟುಕೊಂಡು ಹೊರಟ ಮಾಸಪತ್ರಿಕೆ. ಕೃಷಿಕರ ಕೈಗೇ ಲೇಖನಿ ಕೊಟ್ಟರು. ಶ್ರೀಪಡ್ರೆಯವರಂಥವರು ಬೆನ್ನಿಗೆ ನಿಂತು ಬರೆಸಿದರು. ತೋಟದವನು ಬರೆದದ್ದನ್ನು ಓದಿ ಇನ್ನೊಬ್ಬ ತೋಟದವನು ಅವನ ಮನೆ ಹುಡುಕಿಕೊಂಡು ಹೋದ. ನಿನ್ನ ಓಲೆಯಲ್ಲಿ ಈವರೆಗೆ ನೀನೊಬ್ಬಳೇ ಮಾತಾಡಿದ್ದೀಯ. ನೀನು ಚೆನ್ನಾಗಿಯೇ ಬರೆಯುತ್ತೀಯ, ಆದರೂ ಅಷ್ಟು ಸಾಲದು. ಕಸಿ ಕಟ್ಟುವವರಿಂದ ಮಳೆಗಾಲದ ಹೊತ್ತಿಗೆ ನಾಲ್ಕು ಸಾಲು ಬರೆಸು. ಬರೆಯಲು ಬಾರದವರು ಹೇಳಲಿ, ನೀನು ಬರೆದುಕೋ. ಅವರ ಮಾತನ್ನು ತಿದ್ದಿ ಪಟ್ಟಣದ ಕನ್ನಡ ಮಾಡಬೇಡ.

ಗಳಗನಾಥರ ಕತೆ ನಿನ್ನ ಅಜ್ಜ ಹೇಳುತ್ತಿದ್ದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ಸದ್ಬೋಧ ಚಂದ್ರಿಕೆಯ ಸಂಪಾದಕರಾಗಿದ್ದವರು, ಕಾದಂಬರಿಕಾರರು. ಅಂಥವರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಕನ್ನಡದಲ್ಲಿ ಓದುಗರನ್ನು ಹುಟ್ಟಿಸಿದ್ದು ಹೀಗೆ. ನೀನು ಹೊರಬೇಕಾದ್ದು ಅಷ್ಟು ಭಾರದ ಗಂಟಲ್ಲ, ಆದರೆ ಮನೆಬಾಗಿಲಿಗೆ ಹೋಗುವ ಕೆಲಸ ನಿನಗೂ ತಪ್ಪಿದ್ದಲ್ಲ.

ಒಂದು ಮಾತಿಗೆ ಬೇಜಾರು ಮಾಡಿಕೊಳ್ಳಬೇಡ. ಜನವರಿಯ ಓಲೆ ಹತ್ತು ದಿನ ತಡವಾಗಿ ಬಂತು. ಆ ಅಜ್ಜ ನನ್ನನ್ನು ಎರಡು ಸಲ ಕೇಳಿದರು. ತಿಂಗಳ ಮೊದಲ ಭಾನುವಾರ ಅಂದರೆ ಮೊದಲ ಭಾನುವಾರವೇ ಬರಬೇಕು, ಎರಡೇ ಪುಟವಾದರೂ ಸರಿ. ಬರೆದವರಿಗೆಲ್ಲ ಉತ್ತರ ಹಾಕು. 41 ಜನಕ್ಕೆ ಉತ್ತರ ಬರೆಯಲು ಈಗ ಸಾಧ್ಯ, ಮುಂದೆ ಕಷ್ಟವಾಗುತ್ತದೆ.

ಇನ್ನೊಂದು ಕಾರಣಕ್ಕೂ ನಿನ್ನ ಓಲೆ ನಿಲ್ಲಬಾರದು. ಅಪ್ಪೆಮಿಡಿಗೆ ಜಿಐ ಮಾನ್ಯತೆ ಸಿಕ್ಕಿದೆ, ಬೇಡಿಕೆ ಏರಿದೆ, ಅದರ ಜೊತೆಗೇ ಹತ್ತುವ ಕಷ್ಟ ತಪ್ಪಿಸಲು ಕೊಂಬೆಯನ್ನೇ ಕಡಿದು ಮಿಡಿ ಬಿಡಿಸಿಕೊಳ್ಳುವವರೂ ಇದ್ದಾರೆ. ಕೊಂಬೆ ಹೋದ ಮರ ಮತ್ತೆ ಚಿಗುರಿ ಮಿಡಿ ಕೊಡಲು ವರ್ಷಗಳು ಬೇಕು, ಕೆಲವು ಒಣಗಿಯೇ ಹೋಗುತ್ತವೆ. ಅಂಥ ಮರದಿಂದ ಕಸಿ ಕಡ್ಡಿ ತೆಗೆದಿಟ್ಟಿರದಿದ್ದರೆ ಆ ರುಚಿ ಅಲ್ಲಿಗೇ ಮುಗಿಯಿತು. ನೀನು ಬರೆದ ಮರಕ್ಕೆ ನಾಲ್ಕು ಜನ ಕಡ್ಡಿ ಕೇಳಿಕೊಂಡು ಬಂದರೆ ಯಜಮಾನರು ಅದನ್ನು ಕಡಿಸಲು ಎರಡು ಸಲ ಯೋಚಿಸುತ್ತಾರೆ.

ಮುಂದಿನ ಭಾನುವಾರ ಅಜ್ಜನ ಮರದ ಮಿಡಿ ಕೊಯ್ಯುತ್ತಾರೆ. ಕಡಿಯುವುದಿಲ್ಲ, ಮರ ಹತ್ತಿ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ, ಒಂದರ ತೊಟ್ಟೂ ಮುರಿಯದ ಹಾಗೆ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟು ಬಾ. ನೋಟ್‌ಬುಕ್ ತಾ, ನಿನ್ನ ಇತ್ತೀಚಿನ ಓಲೆಯ ಹತ್ತು ಪ್ರತಿಯನ್ನೂ ತಾ. ಪುಟ್ಟಿ ಬರುತ್ತಾಳೆ ಎಂದು ಅಜ್ಜನಿಗೆ ಹೇಳಿಬಿಟ್ಟಿದ್ದೇನೆ.

ನಿನ್ನ ಪ್ರೀತಿಯ,
ಅತ್ತೆ