ನಡುಗದ ಗೆರೆ

ನೋಡುವುದಕ್ಕೆ ಅತಿ ಸುಲಭವೆಂದು ತೋರುವ ಕೆಲಸಗಳೇ ಕೈಯಿಟ್ಟಾಗ ಅತಿ ಕಠಿನವಾಗುತ್ತವೆ. ಗೆರೆ ಎಳೆಯುವುದು ಅಂತಹ ಕೆಲಸಗಳಲ್ಲೊಂದು. ನಮ್ಮ ತಾಯಂದಿರು ಬೆಳಗಾಗುತ್ತಲೇ ಹೊಸ್ತಿಲ ಮುಂದೆ ಕುಳಿತು, ಬೆರಳುಗಳ ಸಂದಿನಿಂದ ರಂಗೋಲಿಯ ಪುಡಿಯನ್ನು ಬಿಡುತ್ತ, ಚುಕ್ಕೆಯಿಂದ ಚುಕ್ಕೆಗೆ ಎಳೆಯನ್ನು ಬಳಸಿ ತರುವಾಗ ಅದರಲ್ಲಿ ವಿದ್ಯೆಯೇನೂ ಇದ್ದಂತೆ ನಮಗೆ ಕಾಣುವುದಿಲ್ಲ. ಅದೇ ಪುಡಿಯನ್ನು ನಾವು ಹಿಡಿದರೆ ಗೆರೆ ಒಂದು ಕಡೆ ಹಗ್ಗವಾಗುತ್ತದೆ, ಇನ್ನೊಂದು ಕಡೆ ನೂಲಾಗುತ್ತದೆ, ಮತ್ತೊಂದು ಕಡೆ ಇಲ್ಲವೇ ಆಗುತ್ತದೆ. ಸುಲಭವಾಗಿ ಕಾಣುವಂತೆ ಮಾಡುವುದೇ ಆ ವಿದ್ಯೆಯ ಕಷ್ಟವೆಂದು ಆಗ ತಿಳಿಯುತ್ತದೆ.

ಈ ವರ್ಷದ ಸಂಚಿಕೆಯ ಚಿತ್ರಗಳನ್ನೂ ತಲೆಬರಹಗಳನ್ನೂ ಬರೆಯುವ ಹೊಣೆ ನಮ್ಮ ನಾಲ್ವರ ಪಾಲಿಗೆ ಬಂದಿತು. ಹಿಂದಿನ ವರ್ಷಗಳಲ್ಲಿ ಈ ಕೆಲಸಕ್ಕೆ ಅಪ್ಪಾ ಬಳವಂತ ಚೌಕದ ಅಂಗಡಿಗಳಿಂದ ತಂದ ಕಪ್ಪು ಶಾಯಿಯೂ ಉಕ್ಕಿನ ನಿಬ್ಬೂ ಸಾಕಾಗುತ್ತಿದ್ದವು. ಈ ಸಲ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಗ್ರಾಫಿಕ್ಸ್ ಟ್ಯಾಬ್ಲೆಟ್ಟನ್ನು ಕೊಡುಗೆಯಾಗಿ ಕೊಟ್ಟರು. ನಮ್ಮಲ್ಲೊಬ್ಬನ ಅಜ್ಜಿಯವರು ಆ ಹೆಸರನ್ನು ಕೇಳಿ, “ಯಾಕೋ ತಮ್ಮಾ, ಗುಳಿಗಿ ತಗೊಳ್ಳೋ ಅಂಥಾದ್ದು ಏನಾಗೇದ ನಿನಗ?” ಎಂದು ಗಾಬರಿಯಾದರು. ವಸ್ತುವನ್ನು ತಂದು ತೋರಿಸಿದ ಮೇಲೆ, “ಅಯ್ಯ, ಇದು ಪಾಟೀನ ಅಲ್ಲೇನು!” ಎಂದು ಸಮಾಧಾನಗೊಂಡರು. ಅವರ ಮಾತು ಸರಿಯೇ. ಅದು ಪಾಟಿಯೇ, ಆದರೆ ಬರೆದುದು ಪಾಟಿಯ ಮೇಲೆ ಮೂಡದೆ ಎದುರಿನ ಗಣಕಯಂತ್ರದ ತೆರೆಯ ಮೇಲೆ ಮೂಡುತ್ತದೆ.

ಈ ಪಾಟಿಯ ಮೈಯಡಿಯಲ್ಲಿ ತೆಳುವಾದ ತಂತಿಗಳು ಅಡ್ಡಲಾಗಿಯೂ ಉದ್ದವಾಗಿಯೂ ಬಲೆಯಂತೆ ಹಬ್ಬಿರುತ್ತವೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 1964ರಲ್ಲಿ ಹೊರತಂದ ಟ್ಯಾಬ್ಲೆಟ್ಟಿನಲ್ಲಿಯೂ ಇಂತಹ ತಂತಿಯ ಬಲೆಯೇ ಇದ್ದಿತು. ನಮ್ಮ ಬಗೆಯ ಟ್ಯಾಬ್ಲೆಟ್ಟಿನಲ್ಲಿ ಬಲೆಯಿಂದ ಹೊರಡುವ ವಿದ್ಯುತ್ಕಾಂತ ಅಲೆಗೆ ಲೇಖನಿಯೊಳಗಿನ ಪುಟ್ಟ ತಂತಿಯ ಸುರುಳಿ ಅನುರಣಿಸಿ ಉತ್ತರ ಕೊಡುತ್ತದೆ. ಆ ಉತ್ತರ ಎಲ್ಲಿಂದ ಬಂದಿತೆಂಬುದನ್ನು ನೋಡಿ ಮೊನೆ ಇರುವ ಸ್ಥಳವನ್ನು ಯಂತ್ರ ಗೊತ್ತುಮಾಡಿಕೊಳ್ಳುತ್ತದೆ. ಆದುದರಿಂದಲೇ ಈ ಲೇಖನಿಗೆ ಬ್ಯಾಟರಿ ಬೇಕಿಲ್ಲ. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಇಂತಹ ಸ್ಥಾನಸೂಚನೆಗಳು ನಡೆಯುತ್ತವೆ. ಒತ್ತಿ ಬರೆದರೆ ದಪ್ಪ, ಮೆಲ್ಲನೆ ಬರೆದರೆ ತೆಳುವು. ಈ ಒತ್ತಡವನ್ನು ಈಗಿನ ಅನೇಕ ಲೇಖನಿಗಳು 2048, 4096 ಅಥವಾ 8192 ಮೆಟ್ಟಿಲುಗಳಲ್ಲಿ ಅಳೆಯುತ್ತವೆ.

ಇಷ್ಟು ಸೂಕ್ಷ್ಮವಾದ ಸಾಧನದಿಂದ ಗೆರೆ ಬೆಣ್ಣೆಯಂತೆ ಬರಬೇಕಷ್ಟೆ? ಬರಲಿಲ್ಲ. ನಮ್ಮ ಮೊದಲ ಗೆರೆಗಳು ಮಳೆಗಾಲದಲ್ಲಿ ಘಟ್ಟ ಹತ್ತುವ ಬಸ್ಸಿನಲ್ಲಿ ಕುಳಿತು ಬರೆದಂತಿದ್ದವು. ಕಾಗದದ ಮೇಲೆ ಚೆನ್ನಾಗಿ ಓಡುತ್ತಿದ್ದ ಕೈ ಇಲ್ಲೇಕೆ ನಡುಗುತ್ತದೆಂದು ವಿಚಾರಿಸುತ್ತ ಹೋದಾಗ ಒಂದೊಂದಾಗಿ ಕಾರಣಗಳು ಹೊಳೆದವು.

ಮೊದಲನೆಯ ಕಾರಣ ನಮ್ಮ ದೇಹದಲ್ಲಿಯೇ ಇದೆ. ಆರೋಗ್ಯವಂತನ ಕೈ ಕೂಡ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಹತ್ತು ಬಾರಿ ಎಂದಿಟ್ಟುಕೊಳ್ಳೋಣ. ಒಂದು ಗೆರೆಯನ್ನು ಜಾಗರೂಕತೆಯಿಂದ ಐದು ಸೆಕೆಂಡು ಎಳೆದರೆ ಅದರಲ್ಲಿ ಐವತ್ತು ಕಂಪನಗಳು ಸೇರುತ್ತವೆ. ಅದೇ ಗೆರೆಯನ್ನು ಅರ್ಧ ಸೆಕೆಂಡಿನಲ್ಲಿ ಎಳೆದರೆ ಐದೇ ಕಂಪನಗಳು. ಅವೂ ಉದ್ದಕ್ಕೆ ಹರಡಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಅಂದರೆ ಹೆದರಿ ಹೆದರಿ ಎಳೆದ ಗೆರೆಯೇ ಹೆಚ್ಚು ನಡುಗುತ್ತದೆ! ಧೈರ್ಯಕ್ಕೂ ಗೆರೆಗೂ ಸಂಬಂಧವಿದೆಯೆಂದು ನಮ್ಮ ಚಿತ್ರಕಲೆಯ ಗುರುಗಳು ಹೇಳುತ್ತಿದ್ದುದು ಬರಿಯ ಉಪದೇಶವಲ್ಲ, ಲೆಕ್ಕದಿಂದಲೂ ಸಿದ್ಧವಾಗತಕ್ಕ ಮಾತು.

ಎರಡನೆಯದು ಅಳತೆಯ ಕಾರಣ. ನಮ್ಮ ಟ್ಯಾಬ್ಲೆಟ್ಟಿನ ಬರೆಯುವ ಸ್ಥಳದ ಅಗಲ 6 ಅಂಗುಲ. ತೆರೆಯ ಅಗಲ 18 ಅಂಗುಲ. ಕೈ ಒಂದು ಮಿಲಿಮೀಟರು ಅತ್ತಿತ್ತಾದರೆ ತೆರೆಯ ಮೇಲೆ ಗೆರೆ ಮೂರು ಮಿಲಿಮೀಟರು ಅತ್ತಿತ್ತಾಗುತ್ತದೆ. ಅದಲ್ಲದೆ, ಟ್ಯಾಬ್ಲೆಟ್ಟಿನ ಉದ್ದಗಲಗಳ ಪ್ರಮಾಣ ತೆರೆಯ ಪ್ರಮಾಣಕ್ಕೆ ಹೊಂದದಿದ್ದರೆ ಕೈ ಬರೆದ ಸೊನ್ನೆ ತೆರೆಯ ಮೇಲೆ ಕೋಳಿಮೊಟ್ಟೆಯಾಗುತ್ತದೆ. ಕನ್ನಡ ಬರೆಯುವವರಿಗೆ ಇದು ಸಣ್ಣ ತೊಂದರೆಯಲ್ಲ. ನಮ್ಮ ಅಕ್ಷರಮಾಲೆಯೇ ಸೊನ್ನೆಗಳ ಸಂಸಾರ.

ಮೂರನೆಯದು ನುಣುಪು. ಕಾಗದ ನಿಬ್ಬನ್ನು ತುಸು ಹಿಡಿದು ಬಿಡುತ್ತದೆ. ಆ ಹಿಡಿತವೇ ಕೈಗೆ ಆಧಾರ. ಪ್ಲಾಸ್ಟಿಕ್ಕಿನ ಮೇಲೆ ಮೊನೆ ಎಣ್ಣೆ ಸವರಿದ ನೆಲದ ಮೇಲಿನ ಕಾಲಿನಂತೆ ಜಾರುತ್ತದೆ. ನಾಲ್ಕನೆಯದು, ಕೈ ಇಲ್ಲಿ, ಕಣ್ಣು ಅಲ್ಲಿ. ಹುಟ್ಟಿದಾರಭ್ಯ ಜೊತೆಯಲ್ಲಿ ಕೆಲಸ ಮಾಡಿದ ಇವೆರಡು ಬೇರೆ ಬೇರೆ ಮನೆ ಮಾಡಿದರೆ ಒಂದೆರಡು ವಾರ ಸಂಸಾರ ತೂಗದಿರುವುದು ಸಹಜ.

ಕಾರಣ ತಿಳಿದ ಮೇಲೆ ಉಪಾಯ ದೂರವಿರಲಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಒಂದು ಸಾಧಾರಣ ಕಾಗದವನ್ನು ಅಂಟಿಸಿದೆವು. ಅಲೆಗಳಿಗೆ ಕಾಗದ ಅಡ್ಡಿಯಲ್ಲ, ಕೈಗೆ ಮಾತ್ರ ಹಿಡಿತ ಬಂದಿತು. ಉದ್ದಗಲಗಳ ಪ್ರಮಾಣವನ್ನು ಸರಿಹೊಂದಿಸಿದೆವು. ಮಣಿಕಟ್ಟಿನಿಂದ ಎಳೆಯುವುದನ್ನು ಬಿಟ್ಟು ಮೊಣಕೈಯಿಂದಲೂ ಭುಜದಿಂದಲೂ ಎಳೆಯತೊಡಗಿದೆವು. ಮೊನೆಯನ್ನು ತಾಗಿಸುವ ಮುನ್ನ ಗಾಳಿಯಲ್ಲಿ ಎರಡು ಸಲ ಅದೇ ದಾರಿಯಲ್ಲಿ ಕೈಯಾಡಿಸಿ, ಮೂರನೆಯ ಸಲ ಎಳೆಯುವುದು. ಎಳೆಯುವಾಗ ಮೊನೆಯನ್ನು ನೋಡದೆ ಗೆರೆ ಮುಟ್ಟಬೇಕಾದ ಸ್ಥಳವನ್ನು ನೋಡುವುದು. ಸೈಕಲ್ ಕಲಿಯುವಾಗ ಮುಂದಿನ ಗಾಲಿಯನ್ನು ನೋಡುತ್ತ ಕುಳಿತವನು ಬೀಳುವನಲ್ಲವೆ? ಕೈಗೆ ಒಗ್ಗದ ದಿಕ್ಕಿಗೆ ಗೆರೆ ಹೋಗಬೇಕಾದರೆ ಹಾಳೆಯನ್ನೇ ತಿರುಗಿಸಬೇಕು. ನಾವು ಬಳಸುವ ಕ್ರಿಟಾ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುವಂಥದು. ಅದರಲ್ಲಿ 4 ಮತ್ತು 6 ಅಂಕಿಯ ಕೀಲಿಗಳನ್ನು ಒತ್ತಿದರೆ ಹಾಳೆ ತಿರುಗುತ್ತದೆ, 5 ಒತ್ತಿದರೆ ನೆಟ್ಟಗಾಗುತ್ತದೆ. ಇದರ ಮೇಲೆ, ಚಿತ್ರವನ್ನು ಅಚ್ಚಿನ ಅಳತೆಗಿಂತ ಎರಡರಷ್ಟು ದೊಡ್ಡದಾಗಿ ಬರೆದು ಅರ್ಧಕ್ಕಿಳಿಸಿದರೆ ಉಳಿದ ನಡುಕವೂ ಅರ್ಧವಾಗುತ್ತದೆ. ಶಾಯಿಯ ಕಾಲದ ಚಿತ್ರಕಾರರೂ ಈ ಗುಟ್ಟನ್ನು ಬಲ್ಲವರಾಗಿದ್ದರು.

ಇವೆಲ್ಲ ಕೈಯ ಉಪಾಯಗಳು. ಯಂತ್ರದ ಉಪಾಯವೊಂದು ಬೇರೆ ಇದೆ; ಅದರ ಮಾತೇ ಈ ಲೇಖನದ ಮುಖ್ಯ ವಿಷಯ. ನಡುಗುವ ಗೆರೆಯನ್ನು ತಾನೇ ತಿದ್ದಿ ನಯಮಾಡುವ ಶಕ್ತಿ ಇಂತಹ ತಂತ್ರಾಂಶಗಳಲ್ಲಿದೆ. ಹೇಗೆಂದರೆ, ಊರ ತೇರನ್ನು ನೆನೆಯಿರಿ. ಹಗ್ಗ ಹಿಡಿದವರಲ್ಲಿ ಒಬ್ಬ ಎಡಕ್ಕೆ ಜಗ್ಗುತ್ತಾನೆ, ಒಬ್ಬ ಬಲಕ್ಕೆ ಜಗ್ಗುತ್ತಾನೆ. ತೇರು ಮಾತ್ರ ಎಲ್ಲರ ಸರಾಸರಿಯ ದಾರಿಯಲ್ಲಿ ಗಂಭೀರವಾಗಿ ಮುಂದೆ ಬರುತ್ತದೆ. ಯಂತ್ರವೂ ಹಾಗೆಯೇ ಅಕ್ಕಪಕ್ಕದ ಬಿಂದುಗಳ ಸರಾಸರಿಯನ್ನು ಹಿಡಿಯುತ್ತದೆ. ಐದು ಬಿಂದುಗಳ ಎತ್ತರ 9, 12, 9, 12, 15 ಎಂದಿರಲಿ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮೂರು ಮೂರರ ಸರಾಸರಿ ತೆಗೆದರೆ 10, 11, 12. ನಡುಕ ಮಾಯವಾಗಿ ಸಮನಾದ ಏರು ಉಳಿಯಿತು!

ಆದರೆ ತೇರನ್ನು ಬೀದಿಯ ಮೂಲೆಯಲ್ಲಿ ತಿರುಗಿಸುವ ಕಷ್ಟವನ್ನೂ ನೆನೆಯಬೇಕು. ಐದು ಬಿಂದುಗಳು 0, 0, 9, 0, 0 ಎಂದಿದ್ದು, ನಡುವಿನ 9 ನಾವು ಬೇಕೆಂದೇ ಬರೆದ ಚೂಪಾದ ತುದಿ ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ 3, 3, 3. ನಡುಕವೂ ಬೇಕಾದ ಮೊನಚೂ ಯಂತ್ರದ ಲೆಕ್ಕದಲ್ಲಿ ಒಂದೇ. ಎರಡನ್ನೂ ಅದು ಉಜ್ಜಿಬಿಡುತ್ತದೆ. ನಯಮಾಡುವ ಶಕ್ತಿಯನ್ನು ಹೆಚ್ಚಿಸುತ್ತ ಹೋದರೆ ಗೆರೆ ಲೇಖನಿಯ ಹಿಂದೆ ಹಗ್ಗ ಕಟ್ಟಿ ಎಳೆದಂತೆ ತಡವಾಗಿ ಬರುತ್ತದೆ. ಆ ಹಗ್ಗಕ್ಕಿಂತ ಗಿಡ್ಡವಾದ ಗೆರೆ ಮೂಡದೆಯೇ ಹೋಗಬಹುದು. ಪರೀಕ್ಷೆಗೆಂದು ಆ ಶಕ್ತಿಯನ್ನು ತುದಿಗೇರಿಸಿ ‘ಧನ’ ಎಂದು ಬರೆದೆವು. ಮಹಾಪ್ರಾಣದ ಪುಟ್ಟ ಗೀರು ಮೂಡಲೇ ಇಲ್ಲ. ಧನವಿರಬೇಕಾದ ಕಡೆ ದನ ನಿಂತಿತು! ಆ ಹೊತ್ತಿನ ನಗೆಯಲ್ಲಿ ಒಂದು ಪಾಠವೂ ಇದ್ದಿತು. ಪುಣೆಯ ಬೀದಿಗಳಲ್ಲಿ ದಿನವೆಲ್ಲ ದೇವನಾಗರಿಯ ಫಲಕಗಳನ್ನು ಓದುತ್ತ ಬರುವ ನಮಗೆ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳೆಂದರೆ ಮನೆಯಿಂದ ತಂದ ಬುತ್ತಿ. ಅದರಲ್ಲಿ ಒಂದು ಅಗುಳು ಉದುರಿದರೂ ಅರ್ಥ ಕೆಡುತ್ತದೆ.

ಹಾಗಾದರೆ ಪೂರ್ಣವಾಗಿ ನಯವಾದ ಗೆರೆಗೆ ಸ್ಥಳವಿಲ್ಲವೆ? ಇದೆ. ನೀವು ಈಗ ಓದುತ್ತಿರುವ ಅಚ್ಚಿನ ಅಕ್ಷರಗಳೇ ಅದಕ್ಕೆ ನಿದರ್ಶನ. ಫ್ರಾನ್ಸಿನ ಸಿಟ್ರೊಯೆನ್ ಕಾರ್ಖಾನೆಯಲ್ಲಿ 1959ರಲ್ಲಿ ಪಾಲ್ ದ ಕಾಸ್ಟೆಲ್ಜೊ, ಬಳಿಕ 1960ರ ದಶಕದಲ್ಲಿ ರೆನೊ ಕಾರ್ಖಾನೆಯಲ್ಲಿ ಪಿಯರ್ ಬೆಜಿಯೇ, ಕಾರುಗಳ ಮೈಬಾಗನ್ನು ಕೆಲವೇ ಬಿಂದುಗಳಿಂದ ಗೊತ್ತುಪಡಿಸುವ ಗಣಿತವನ್ನು ರೂಪಿಸಿದರು. ಕಾರಿನ ಬಾಗಿಗೆ ಹುಟ್ಟಿದ ಆ ಗಣಿತವೇ ಇಂದು ಗಣಕಯಂತ್ರದ ಅಕ್ಷರಗಳ ಬಾಗನ್ನೂ ಹೊತ್ತಿದೆ. ನಮ್ಮ ‘ಅ’ಕಾರದ ಸುರುಳಿಯೂ ಅದರ ಕೃಪೆಯಿಂದಲೇ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಭಾರತೀಯ ಲಿಪಿಗಳನ್ನು ಗಣಕಯಂತ್ರದೊಳಕ್ಕೆ ತಂದವರಲ್ಲಿ ಪ್ರಮುಖವಾದ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಸ್ಥಾಪಿತವಾದುದು ನಮ್ಮ ಪುಣೆಯಲ್ಲಿಯೇ ಎಂಬುದು ಇಲ್ಲಿನ ಕನ್ನಡ ಮಕ್ಕಳು ತಿಳಿದಿರತಕ್ಕ ಸಂಗತಿ. ಸಾವಿರಾರು ಮಂದಿ ಓದುವ ಅಚ್ಚಿನ ಅಕ್ಷರ ಯಾರ ಕೈಯದೂ ಆಗಿರಬಾರದು; ಎಲ್ಲರದೂ ಆಗಿರಬೇಕು. ಅಲ್ಲಿ ನಯವೇ ಧರ್ಮ.

ಆದರೆ ಒಬ್ಬರ ಕೈಬರಹದ ಮಾತು ಬೇರೆ. ಸಂಚಿಕೆಯ ‘ಹಿರಿಯರ ನೆನಪು’ ವಿಭಾಗದ ತಲೆಬರಹವನ್ನು ಹಿರಿಯರೊಬ್ಬರ ಕೈಯಿಂದಲೇ ಬರೆಯಿಸಬೇಕೆಂದು ನಿಶ್ಚಯಿಸಿ, ಮೇಲೆ ಹೇಳಿದ ಅಜ್ಜಿಯವರ ಮುಂದೆ ಪಾಟಿಯನ್ನಿಟ್ಟೆವು. ಧಾರವಾಡದಿಂದ ಈ ಊರಿಗೆ ಸೊಸೆಯಾಗಿ ಬಂದು ಅವರಿಗೆ ಐವತ್ತು ವರ್ಷಗಳ ಮೇಲಾಯಿತು. ಕೈ ಈಗ ಕಣ್ಣಿಗೆ ಕಾಣುವಷ್ಟೇ ನಡುಗುತ್ತದೆ. ಎರಡು ಪದಗಳನ್ನು ಬರೆಯಲು ಬಹಳ ಹೊತ್ತು ಹಿಡಿಯಿತು. ನಾವು ನಯಮಾಡುವ ಶಕ್ತಿಯನ್ನು ಹೆಚ್ಚಾಗಿಯೇ ಇಟ್ಟಿದ್ದುದರಿಂದ ತೆರೆಯ ಮೇಲೆ ಅಕ್ಷರಗಳು ಮುತ್ತು ಪೋಣಿಸಿದಂತೆ ಮೂಡಿದವು. ಅಜ್ಜಿಯವರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿದರು.

“ಛಂದ ಅದ ಖರೆ,” ಎಂದರು. “ಆದ್ರ ಇದು ನನ್ನ ಅಕ್ಷರ ಅಲ್ಲಪಾ. ನಾ ಊರಿಗೆ ಕಾಗದಾ ಬರದ್ರ, ಪಾಕೀಟು ಒಡಿಯೂಕಿಂತ ಮೊದಲ ನಮ್ಮಣ್ಣಗ ಗೊತ್ತಾಗತಿತ್ತು, ತಂಗೀ ಕಾಗದಾ ಬಂತು ಅಂತ. ಇದನ್ನ ನೋಡಿದ್ರ ಅಂವಾ ಯಾರದೋ ಅಂತ ಬಾಜೂಕ ಇಡತಾನ.”

ಅಜ್ಜಿಯವರು ಬೇಸರದಿಂದ ಹೇಳಿದ ಮಾತಲ್ಲ ಅದು. ಸುಮ್ಮನೆ, ಇದ್ದುದನ್ನು ಇದ್ದಂತೆ ಹೇಳಿದರು. ನಮ್ಮ ನಾಲ್ವರಲ್ಲಿ ಆ ಸಂಜೆ ದೊಡ್ಡ ಚರ್ಚೆಯೇ ನಡೆಯಿತು. ನಡುಗುವ ಅಕ್ಷರವನ್ನು ಅಚ್ಚು ಹಾಕಿದರೆ ಓದುವವರು ನಕ್ಕಾರು, ಹಿರಿಯರಿಗೆ ಅಗೌರವವಾದೀತು ಎಂದು ಇಬ್ಬರ ವಾದ. ಅವರದಲ್ಲದ ಅಕ್ಷರವನ್ನು ಅವರದೆಂದು ಹೇಳುವುದೇ ಅಗೌರವ ಎಂದು ಇನ್ನಿಬ್ಬರ ವಾದ. ಕಡೆಗೆ ಅಜ್ಜಿಯವರನ್ನೇ ಕೇಳಿದೆವು. “ನಡಗಿದ್ರ ನಡಗವಲ್ಲದ್ಯಾಕ, ನಂದ ಇರಲಿ,” ಎಂದರು. ನಯಮಾಡುವ ಉಪಾಯವನ್ನು ಪೂರ್ಣವಾಗಿ ನಿಲ್ಲಿಸಿ ಮತ್ತೊಮ್ಮೆ ಬರೆಯಿಸಿದೆವು. ಆ ವಿಭಾಗದ ಮೊದಲ ಪುಟದಲ್ಲಿ ನೀವು ಕಾಣುವುದು ಅದೇ ಬರಹ.

ಅಂದಿನಿಂದ ನಾವು ಒಂದು ನಿಯಮವನ್ನು ಮಾಡಿಕೊಂಡೆವು. ನಕ್ಷೆಯ ಅಂಚು, ಪುಟದ ಚೌಕಟ್ಟು, ಬಳ್ಳಿಯ ಅಲಂಕಾರ ಇವುಗಳಿಗೆ ಯಂತ್ರದ ಸಹಾಯವನ್ನು ಧಾರಾಳವಾಗಿ ಪಡೆಯುವುದು. ಮನುಷ್ಯರ ಚಿತ್ರಗಳಿಗೆ ಸ್ವಲ್ಪವೇ ಪಡೆಯುವುದು. ಕೈಬರಹಕ್ಕೆ ಎಳ್ಳಷ್ಟೂ ಪಡೆಯದಿರುವುದು.

ಈ ವಿಚಾರದಲ್ಲಿ ಆರ್. ಕೆ. ಲಕ್ಷ್ಮಣರ ನೆನಪಾಗುತ್ತದೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದು, ಮುಂಬಯಿಯಲ್ಲಿ ಪ್ರಸಿದ್ಧರಾಗಿ, ಕಡೆಗಾಲವನ್ನು ಪುಣೆಯಲ್ಲಿ ಕಳೆದು 2015ರಲ್ಲಿ ಇಲ್ಲಿಯೇ ತೀರಿಕೊಂಡವರು ಅವರು. ಅವರ ‘ಸಾಮಾನ್ಯ ಮನುಷ್ಯ’ನ ಕಂಚಿನ ಪ್ರತಿಮೆ ಈ ಊರಿನ ಸಿಂಬಯಾಸಿಸ್ ಸಂಸ್ಥೆಯಲ್ಲಿದೆ. ಕುಂಚವನ್ನು ಶಾಯಿಯಲ್ಲದ್ದಿ ಎಳೆದ ಅವರ ಗೆರೆಯನ್ನು ಗಮನವಿಟ್ಟು ನೋಡಿರಿ. ಅದು ಉಬ್ಬುತ್ತದೆ, ಸೊರಗುತ್ತದೆ, ಥಟ್ಟನೆ ಮುರಿದು ತಿರುಗುತ್ತದೆ. ಅಳತೆಪಟ್ಟಿಯ ನಯ ಅದರಲ್ಲಿಲ್ಲ. ಆದರೂ ಅದನ್ನು ನಡುಗಿದ ಗೆರೆಯೆಂದು ಯಾರೂ ಹೇಳರು. ಎಲ್ಲಿಗೆ ಹೋಗಬೇಕೆಂದು ತಿಳಿದು ಹೊರಟ ಗೆರೆ ಅದು. ನಯವೇ ಬೇರೆ, ನಿಶ್ಚಯವೇ ಬೇರೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ನಯವನ್ನು ಯಂತ್ರ ಕೊಟ್ಟೀತು. ನಿಶ್ಚಯವನ್ನು ಕೈ ತಾನೇ ಗಳಿಸಬೇಕು.

ಕಿರಿಯ ಗೆಳೆಯರೇ, ಪಾಟಿಯೂ ಲೇಖನಿಯೂ ಈಗ ಚಿತ್ರಕಲೆಯ ಕೊಠಡಿಯಲ್ಲಿವೆ. ಮುಂದಿನ ವರ್ಷ ಈ ಕೆಲಸ ನಿಮ್ಮ ಕೈಗೆ ಬರಲಿದೆ. ಬಂದವರು ಮೊದಲ ವಾರ ನಯಮಾಡುವ ಗುಂಡಿಯನ್ನು ಮುಟ್ಟದೆ, ದಿನಕ್ಕೆ ಇಪ್ಪತ್ತು ಸೊನ್ನೆ, ಇಪ್ಪತ್ತು ಉದ್ದಗೆರೆ, ಒಂದು ಪುಟ ಕಾಗುಣಿತ ಬರೆಯಿರಿ. ಎರಡನೆಯ ವಾರ ಆ ಗುಂಡಿಯನ್ನು ಬೇಕಾದಷ್ಟೇ ತಿರುಗಿಸಿರಿ. ಮೇಲಿನ ಕಾಗದ ಹರಿದಿದ್ದರೆ ಬದಲಾಯಿಸಿರಿ. ಹೊಸ ಹಾಳೆಗಳು ಕಪಾಟಿನ ಎರಡನೆಯ ಅರೆಯಲ್ಲಿವೆ. ನಿಮ್ಮ ಮನೆಯ ಹಿರಿಯರನ್ನೂ ಒಂದು ದಿನ ಕರೆತಂದು ಎರಡು ಅಕ್ಷರ ಬರೆಯಿಸಿ ಜೋಪಾನವಾಗಿಡಿರಿ. ಅಜ್ಜಿಯವರ ಬರಹವನ್ನು ನಾವು ಹಾಗೆಯೇ ಇಟ್ಟಿದ್ದೇವೆ.