ರೆಪ್ಪೆಯೇ ಮುನಿದಾಗ

ಮಕ್ಕಳನ್ನು ಅಕ್ಕರೆಯಿಂದ ಸಾಕಿದವರನ್ನು ಕುರಿತು 'ರೆಪ್ಪೆ ಕಣ್ಣನ್ನು ಕಾಯುವಂತೆ ಕಾದರು' ಎಂದು ನಮ್ಮ ಹಿರಿಯರು ಹೇಳುವುದುಂಟು. ಧೂಳು ಬಂದರೆ ಮುಚ್ಚಿ, ಬೆಳಕು ಹೆಚ್ಚಾದರೆ ಮರೆಯಾಗಿ, ಹಗಲೆಲ್ಲ ಬಡಿಯುತ್ತ ಕಣ್ಣನ್ನು ಒದ್ದೆಯಾಗಿರಿಸುವ ರೆಪ್ಪೆಗಿಂತ ನಂಬಿಗಸ್ತ ಸೇವಕನು ದೇಹದಲ್ಲಿ ಬೇರೊಬ್ಬನಿಲ್ಲ. ಆದರೆ ಆ ರೆಪ್ಪೆಯೇ ಬಾತು, ಉರಿದು, ತಾನು ಕಾಯಬೇಕಾದ ಕಣ್ಣಿಗೆ ತಾನೇ ಹಗೆಯಾದರೆ ಗತಿಯೇನು? ಏಳು ವರ್ಷಗಳಿಂದ ನಾವು ಆ ಹಗೆಯೊಡನೆ ಬಾಳುತ್ತಿದ್ದೇವೆ. ಪ್ರಾಣಕ್ಕೆ ಎರವಾಗುವ ರೋಗವಲ್ಲ. ನೋಡಿದವರು ಮರುಗುವ ರೋಗವೂ ಅಲ್ಲ. ಆದರೂ ನಮ್ಮ ಮನೆಯೊಳಗೆ ಅದು ತಂದ ತಪ್ಪುತಿಳಿವಳಿಕೆಯು ದೊಡ್ಡದು. ಬೇರೆ ಮನೆಗಳಲ್ಲಿ ಹಾಗಾಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

2018ರಲ್ಲಿ ಇಂಜಿನಿಯರಿಂಗ್ ಮುಗಿಸಿ ನಾವು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆವು. ಆಗ ನಮಗೆ ಇಪ್ಪತ್ತಮೂರು ವರ್ಷ. ದಿನಕ್ಕೆ ಹತ್ತು ತಾಸು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಕೆಲಸ. ತಲೆಯ ಮೇಲೆ ನೇರವಾಗಿ ಬೀಸುವ ಎ.ಸಿ. ಗಾಳಿ; ಕೋಣೆಗೆ ಬಂದ ಮೇಲೆ ಮಲಗುವವರೆಗೆ ಮೊಬೈಲು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಬೆಳಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರತೊಡಗಿದವು. ಬೆರಳಿಂದ ಗೀಜು ಬಿಡಿಸಿದ ಹೊರತು ಕಣ್ಣು ತೆರೆಯದು. ತೆರೆದರೆ ಒಳಗೆ ಮರಳು ತೂರಿದಂತೆ ಚುಚ್ಚುವುದು. ಮಧ್ಯಾಹ್ನಕ್ಕೆ ಉರಿ, ಸಂಜೆಗೆ ಅಕ್ಷರಗಳೆಲ್ಲ ಮಸುಕು. ವಿಚಿತ್ರವೆಂದರೆ, ಬಸ್ಸಿನ ಕಿಟಕಿಯ ಬಳಿ ಕುಳಿತರೆ ಕಣ್ಣಿನಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ಹೀಗೆ ನೀರು ಸುರಿಸುವ ಕಣ್ಣು ಒಣಗಿದ ಕಣ್ಣೆಂದು ಯಾರು ತಾನೇ ಊಹಿಸಿಯಾರು?

ಕಲಿತವರು ಮಾಡಬಾರದ ತಪ್ಪನ್ನು ನಾವು ಮಾಡಿದೆವು. ವೈದ್ಯರಲ್ಲಿಗೆ ಹೋಗದೆ ಔಷಧದಂಗಡಿಗೆ ಹೋದೆವು. ಕೆಂಪು ಹೋಗಲಾಡಿಸುವ ಹನಿಯೊಂದನ್ನು ಕೊಟ್ಟರು. ಹಾಕಿದ ಗಳಿಗೆಯಲ್ಲಿ ಕಣ್ಣು ಬೆಳ್ಳಗಾಗುತ್ತಿತ್ತು. ಹನಿಯ ಬಲ ಇಳಿದೊಡನೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತಿತ್ತು. ಬಳಿಕ ಗೆಳೆಯನೊಬ್ಬನ ಮಾತು ಕೇಳಿ ಸ್ಟೀರಾಯ್ಡ್ ಹನಿಯನ್ನು ತಂದು ಹಾಕಿಕೊಂಡೆವು. ಅದರಿಂದ ಸುಖವೆನಿಸಿತು. ಆ ಸುಖದಲ್ಲೇ ಅಪಾಯವಿತ್ತು. ವೈದ್ಯರ ನಿಗಾ ಇಲ್ಲದೆ ಅಂಥ ಹನಿಯನ್ನು ಬಹುಕಾಲ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಚಿಕ್ಕ ವಯಸ್ಸಿನಲ್ಲೇ ಪೊರೆ ಕಟ್ಟಬಹುದು ಎಂಬುದು ನಮಗೆ ತಿಳಿದದ್ದು ಅನಂತರ.

ಆ ವರ್ಷದ ದೀಪಾವಳಿಗೆ ಊರಿಗೆ ಹೋದೆವು. ರಾತ್ರಿಯಿಡೀ ಬಸ್ಸಿನಲ್ಲಿ ಎ.ಸಿ. ಗಾಳಿಗೆ ಒಡ್ಡಿದ ಕಣ್ಣುಗಳು ಬೆಳಗ್ಗೆ ಕೆಂಡದಂತಿದ್ದವು. ಬಾಗಿಲಲ್ಲಿ ನಿಂತಿದ್ದ ತಂದೆಯವರು ಒಮ್ಮೆ ದಿಟ್ಟಿಸಿ ನೋಡಿದರು, ಏನೂ ಅನ್ನಲಿಲ್ಲ. ಸ್ನಾನ ಮಾಡಿ, ಅವರ ಬದಿಯಲ್ಲಿ ಪೂಜೆಗೆ ಕುಳಿತೆವು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವುದು ಬಾಲ್ಯದಿಂದ ನಮಗೆ ಕಲಿಸಿದ ರೀತಿ. ಅಂದು ಎಣಿಸಿ ಐದು ಗಳಿಗೆ ಉಸಿರಾಡುವಷ್ಟು ಹೊತ್ತೂ ದೃಷ್ಟಿ ನಿಲ್ಲಲಿಲ್ಲ. ಉರಿ ತಾಳದೆ ಕಣ್ಣು ಮುಚ್ಚಿದೆವು, ಒರೆಸಿದೆವು, ಮತ್ತೆ ಮುಚ್ಚಿದೆವು. ಪೂಜೆ ಮುಗಿದ ಮೇಲೆ ತಂದೆಯವರು ಅವ್ವನಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಕೇಳಿದರು: "ತಮ್ಮಾ, ಬೆಂಗಳೂರಾಗ ಗೆಳ್ಯಾರ ಜೋಡಿ ಏನಾರ ಚಟಾ ಹಚ್ಚಿಕೊಂಡೀ ಏನು?"

ಮೂರು ತಲೆಮಾರಿನಿಂದ ಯಾರೂ ಸೆರೆ ಮುಟ್ಟದ ಮನೆತನ ನಮ್ಮದು. ಆ ಪ್ರಶ್ನೆ ಎದೆಗೆ ನಾಟಿತು. ಇಲ್ಲವೆಂದೆವು. ಅವರು ತಲೆಯಾಡಿಸಿದರು, ಆದರೆ ನಂಬಿದಂತೆ ಕಾಣಲಿಲ್ಲ. ಆಣೆ ಮಾಡಿ ಹೇಳಬೇಕಾದ ಸ್ಥಿತಿ ಬಂದಿತಲ್ಲ ಎಂಬ ಸಿಟ್ಟಿನಲ್ಲಿ ನಾವೂ ಮುಂದೆ ಮಾತಾಡಲಿಲ್ಲ. ಹಬ್ಬದ ಮರುದಿನವೇ ಬೆಂಗಳೂರಿಗೆ ಹಿಂದಿರುಗಿದೆವು. ಆರು ತಿಂಗಳು ಮನೆಗೆ ಹೋಗಲಿಲ್ಲ. ಅವ್ವ ಫೋನು ಮಾಡಿದರೆ ಕೆಲಸದ ನೆವ ಹೇಳುತ್ತಿದ್ದೆವು.

2019ರ ಮೇ ತಿಂಗಳಲ್ಲಿ ಸೋದರಮಾವನ ಮಗಳ ಮದುವೆ ಬಂದಿತು. ತಪ್ಪಿಸಲಾಗಲಿಲ್ಲ. ಊಟದ ಪಂಕ್ತಿಯಲ್ಲಿ ನಾವು ಕುಳಿತೊಡನೆ ಪಕ್ಕದ ಹಿರಿಯರೊಬ್ಬರು ನಮ್ಮ ಮುಖ ನೋಡಿ, "ಕಣ್ಣು ಬಂದಾವೇನು?" ಎನ್ನುತ್ತ ತಮ್ಮ ಮೊಮ್ಮಗನನ್ನು ಎಬ್ಬಿಸಿಕೊಂಡು ಆಚೆ ಹೋದರು. ಕಣ್ಣು ಬರುವುದು ಅಂಟುರೋಗ, ಅವರ ಅಂಜಿಕೆಯಲ್ಲಿ ತಪ್ಪಿಲ್ಲ. ಆದರೆ ನಮ್ಮದು ಆ ರೋಗವಲ್ಲವೆಂದು ಹೇಳಲು ನಮಗೂ ನಮ್ಮ ರೋಗದ ಹೆಸರು ಗೊತ್ತಿರಲಿಲ್ಲ. ನಮ್ಮ ಎರಡೂ ಬದಿಯ ಎಲೆಗಳು ಬರಿದಾಗಿ ಉಳಿದವು. ಇದನ್ನು ಕಂಡ ಸೋದರಮಾವನವರು ಮರುದಿನವೇ ನಮ್ಮನ್ನು ಹುಬ್ಬಳ್ಳಿಯ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಕರೆಯದಿದ್ದರೂ ತಂದೆಯವರು ಬಂದು ಬಸ್ಸು ಹತ್ತಿದರು.

ವೈದ್ಯರು ಅವಸರ ಮಾಡಲಿಲ್ಲ. ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿಯನ್ನು ಸಿಕ್ಕಿಸಿ ಐದು ನಿಮಿಷ ಬಿಟ್ಟರು. ಜರ್ಮನಿಯ ಓಟ್ಟೋ ಶಿರ್ಮರ್ ಎಂಬ ವೈದ್ಯರು 1903ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯಿದು, ಇಂದಿಗೂ ನಡೆಯುತ್ತಿದೆ. ಪಟ್ಟಿಯು 14 ಮಿಲಿಮೀಟರ್ ತೊಯ್ದಿತ್ತು. ಹತ್ತಕ್ಕಿಂತ ಹೆಚ್ಚಿದ್ದರೆ ಕಣ್ಣೀರಿಗೆ ಕೊರತೆಯಿಲ್ಲವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಬಳಿಕ ಕಣ್ಣಿಗೆ ಹಳದಿ ಬಣ್ಣವನ್ನು ಸೋಕಿಸಿ, ನೀಲಿ ಬೆಳಕಿನಲ್ಲಿ ನೋಡುತ್ತ, ಎವೆ ಬಡಿಯದಿರಲು ಹೇಳಿದರು. ಕಣ್ಣಿನ ಮೇಲಿನ ನೀರಿನ ಪದರವು ಹತ್ತು ಸೆಕೆಂಡುಗಳಾದರೂ ಹರಿಯದೆ ನಿಲ್ಲಬೇಕು. ನಮ್ಮದು ಮೂರೇ ಸೆಕೆಂಡಿಗೆ ಹರಿಯಿತು. ಕೊನೆಗೆ ರೆಪ್ಪೆಯ ಅಂಚನ್ನು ಒತ್ತಿ, ಕಂಡದ್ದನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ತಂದೆಯವರನ್ನೂ ಹತ್ತಿರಕ್ಕೆ ಕರೆದರು.

ಅವರು ತಿಳಿಸಿದ್ದು ಹೀಗೆ. ಕಣ್ಣೀರು ಬರಿಯ ನೀರಲ್ಲ. ಕಣ್ಣಿಗೆ ತಾಗಿ ಲೋಳೆಯಿರುತ್ತದೆ, ಅದರೊಡನೆ ನೀರು, ಎಲ್ಲಕ್ಕೂ ಮೇಲೆ ತೆಳುವಾದ ಎಣ್ಣೆಯ ಪದರ. ಉಪ್ಪಿನಕಾಯಿಯ ಮೇಲೆ ತೇಲುವ ಎಣ್ಣೆಯು ಒಳಗಿನದನ್ನು ಕಾಯುವಂತೆ ಈ ಎಣ್ಣೆಯು ಕಣ್ಣೀರು ಆರದಂತೆ ಕಾಯುತ್ತದೆ. ಅದನ್ನು ಒಸರಿಸುವ ಸಣ್ಣ ಗ್ರಂಥಿಗಳು ರೆಪ್ಪೆಯೊಳಗೆ ಸಾಲಾಗಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. 1666ರಲ್ಲಿ ಇವುಗಳನ್ನು ವಿವರಿಸಿದ ಹೈನ್ರಿಕ್ ಮೈಬೋಮ್ ಎಂಬ ಜರ್ಮನ್ ವೈದ್ಯರ ಹೆಸರಿನಿಂದ ಮೈಬೋಮಿಯನ್ ಗ್ರಂಥಿಗಳೆಂದು ಕರೆಯುತ್ತಾರೆ. ನಮ್ಮ ರೆಪ್ಪೆಯಂಚಿಗೆ ಉರಿಯೂತ ತಗುಲಿತ್ತು. ಇದಕ್ಕೆ ಬ್ಲೆಫರೈಟಿಸ್ ಎಂದು ಹೆಸರು. ಗ್ರಂಥಿಗಳ ಬಾಯಿ ಕಟ್ಟಿಕೊಂಡಿತ್ತು. ತಿಳಿಯೆಣ್ಣೆಯು ಒಸರಬೇಕಾದಲ್ಲಿ, ಒತ್ತಿದಾಗ, ಹಲ್ಲುಜ್ಜುವ ಪೇಸ್ಟಿನಂತೆ ಗಟ್ಟಿಯಾದುದು ಹೊರಬಂದಿತು. ಎಣ್ಣೆಯಿಲ್ಲದ್ದರಿಂದ ಕಣ್ಣು ಬೇಗನೆ ಆರುತ್ತದೆ. ಆರಿದ ಕಣ್ಣು ನೊಂದು ಒಮ್ಮೆಲೆ ನೀರು ಸುರಿಸುತ್ತದೆ. ಆ ನೀರು ನಿಲ್ಲದೆ ಕೆನ್ನೆಗೆ ಹರಿದುಹೋಗುತ್ತದೆ. ನಮ್ಮ ತಲೆಹೊಟ್ಟಿಗೂ ಈ ರೋಗಕ್ಕೂ ನಂಟಿರಬಹುದೆಂದರು. ಕಂಪ್ಯೂಟರು ನೋಡುವಾಗ ಮನುಷ್ಯನು ಎವೆ ಬಡಿಯುವುದು ಬಹಳಷ್ಟು ಕಡಿಮೆಯಾಗುತ್ತದೆ; ಬಡಿದರೂ ಪೂರ್ತಿ ಮುಚ್ಚುವುದಿಲ್ಲ; ಮುಚ್ಚಿದರೆ ತಾನೆ ಗ್ರಂಥಿಯು ಹಿಂಡಿ ಎಣ್ಣೆ ಬರುವುದು ಎಂದೂ ತಿಳಿಸಿದರು.

ಆಗ ತಂದೆಯವರು ಮೊದಲ ಸಲ ಬಾಯಿ ತೆರೆದರು: "ಡಾಕ್ಟರೇ, ಇದಕ್ಕ ಕುಡಿತ ಏನಾರ ಕಾರಣ ಏನ್ರೀ?" ವೈದ್ಯರು ನಕ್ಕು, ಇಲ್ಲವೆಂದರು. ತಂದೆಯವರು ಪರದೆಯ ಮೇಲಿನ ಆ ಕೆಂಪು ರೆಪ್ಪೆಯನ್ನು ಬಹಳ ಹೊತ್ತು ನೋಡುತ್ತ ನಿಂತರು.

"ಎಂದಿಗೆ ಪೂರ್ತಿ ವಾಸಿಯಾದೀತು?" ಎಂದು ನಾವು ಕೇಳಿದೆವು. ವಾಸಿಯೆಂಬ ಮಾತನ್ನು ಅವರು ಆಡಲಿಲ್ಲ. ಹಲ್ಲು ತಿಕ್ಕುವುದನ್ನು ಯಾರೂ ಮುಗಿಸುವುದಿಲ್ಲವಷ್ಟೆ, ಇದೂ ಹಾಗೆಯೇ ಎಂದರು. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಆ ಉತ್ತರವನ್ನು ಅರಗಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಓದು, ಉದ್ಯೋಗ, ಮುಂದಿನ ಸಂಸಾರ ಎಲ್ಲವೂ ಕಣ್ಣನ್ನು ನೆಚ್ಚಿಕೊಂಡಿವೆ. ಜೀವನವಿಡೀ ಹೀಗೆಯೇ ಎಂದರೆ ಹೇಗೆ?

ಅಂದು ರಾತ್ರಿ ಊಟವಾದ ಮೇಲೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ತಂದೆಯವರು ಪಾತ್ರೆಯಲ್ಲಿ ನೀರು ಕಾಯಿಸಿ, ತಮ್ಮ ಮುಂಗೈ ಮೇಲೆ ಹನಿ ಬಿಟ್ಟು ಬಿಸಿ ನೋಡುತ್ತಿದ್ದರು. ಹಸುಗೂಸಿನ ಹಾಲಿನ ಬಿಸಿ ನೋಡುವ ರೀತಿಯದು. ಒಗೆದ ಮೆತ್ತನೆಯ ಬಟ್ಟೆಯನ್ನು ಅದ್ದಿ, ಹಿಂಡಿ, ನಮ್ಮ ಮುಚ್ಚಿದ ಕಣ್ಣುಗಳ ಮೇಲೆ ಇರಿಸಿದರು. ಆರಿದೊಡನೆ ಮತ್ತೊಂದು. ಹೀಗೆ ಹತ್ತು ನಿಮಿಷ. ತಪ್ಪಾಯಿತೆಂದು ಅವರು ಹೇಳಲಿಲ್ಲ. ಅದನ್ನು ನಾವು ಕೇಳಲೂ ಇಲ್ಲ.

ಎರಡು ತಿಂಗಳು ನೇಮದಿಂದ ಮಾಡಿದೆವು. ಕಣ್ಣು ತಿಳಿಯಾಯಿತು. ಗುಣವಾಯಿತೆಂದು ಎಲ್ಲವನ್ನೂ ಬಿಟ್ಟೆವು. ಮೂರು ವಾರಗಳಲ್ಲಿ ರೋಗವು ಹಿಂದಿರುಗಿತು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕಂಪ್ಯೂಟರು ಹೊತ್ತುಕೊಂಡು ಊರಿಗೇ ಬಂದೆವು. ಅಲ್ಲಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಸಂಜೆ ಏಳು ಗಂಟೆಗೆ ತಂದೆಯವರು ನೀರು ಕಾಯಿಸಿಯೇ ತೀರುತ್ತಿದ್ದರು. ಆ ವರ್ಷ ಒಂದು ದಿನ ಪೂಜೆಯಲ್ಲಿ ನಾವು ಹಟ ಹಿಡಿದು ಕಣ್ಣು ತೆರೆದೇ ಕುಳಿತು ನೀರು ಸುರಿಸುತ್ತಿದ್ದುದನ್ನು ಕಂಡು, "ಎವಿ ಬಡದ್ರ ಶಿವ ಎಲ್ಲಿ ಓಡಿ ಹೋಗ್ತಾನ? ಬಡಿ" ಎಂದರು. ಅಂದಿನಿಂದ ಎವೆ ಬಡಿಯುತ್ತಲೇ ಪೂಜೆ ಮಾಡುತ್ತಿದ್ದೇವೆ. ದೃಷ್ಟಿಯು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ನಮ್ಮ ದಿನಚರಿಯನ್ನು ತಿಳಿಸಿದರೆ ಯಾರಿಗಾದರೂ ಉಪಯೋಗವಾದೀತು. ತುಪ್ಪವು ಚಳಿಗೆ ಹೆಪ್ಪುಗಟ್ಟಿ ಬಿಸಿಗೆ ಕರಗುವಂತೆ, ಗ್ರಂಥಿಯಲ್ಲಿ ಗಟ್ಟಿಯಾದ ಎಣ್ಣೆಯು ಸುಮಾರು 40 ಡಿಗ್ರಿಯ ಶಾಖಕ್ಕೆ ಮೆತ್ತಗಾಗುತ್ತದೆ. ರೆಪ್ಪೆಯ ತೊಗಲು ಬಹು ತೆಳು, ಸುಡುವಷ್ಟು ಬಿಸಿ ಕೂಡದು. ಶಾಖದ ಬಳಿಕ, ಕೈ ತೊಳೆದುಕೊಂಡು, ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳಿಂದ ಹಗುರವಾಗಿ ನೀವಬೇಕು. ಅನಂತರ ವೈದ್ಯರು ಹೇಳಿದ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಎವೆಗೂದಲ ಬುಡವನ್ನು ಒರೆಸಬೇಕು. ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿ. ದಿನಕ್ಕೆ ಹಲವು ಬಾರಿ ಬೇಕಾಗುವವರು, ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನು ವೈದ್ಯರಲ್ಲಿ ಕೇಳಿ ಪಡೆಯುವುದು ಒಳಿತು, ಏಕೆಂದರೆ ಆ ರಾಸಾಯನಿಕವೇ ಕಣ್ಣನ್ನು ಕೆಣಕಬಲ್ಲದು. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣು ತೆಗೆದು, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುತ್ತೇವೆ. ಎವೆಗಳನ್ನು ಪೂರ್ತಿಯಾಗಿ ಮುಚ್ಚಿ ತೆರೆಯುತ್ತೇವೆ. ರೋಗ ಕೆರಳಿದಾಗ ವೈದ್ಯರು ಕೆಲವು ವಾರ ಮಾತ್ರೆಯನ್ನೂ ಕೊಟ್ಟದ್ದುಂಟು. ಅದನ್ನು ತಾವಾಗಿ ಯಾರೂ ತೆಗೆದುಕೊಳ್ಳಬಾರದು.

ತಾಯಂದಿರಲ್ಲಿ ಒಂದು ಬಿನ್ನಹ. ಕಣ್ಣುರಿಗೆ ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಬಿಡುವ ರೂಢಿ ಹಲವು ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವುದೇ ಆದರೂ ಶುದ್ಧಗೊಳಿಸದ ವಸ್ತುವಿನಿಂದ ಕಣ್ಣಿಗೆ ಸೋಂಕು ತಗುಲಬಹುದು. ರೆಪ್ಪೆಯ ಒಳಅಂಚಿಗೆ ತೀಡುವ ಕಾಡಿಗೆಯು ಗ್ರಂಥಿಗಳ ಬಾಯಿಗೇ ಮೆತ್ತಿಕೊಳ್ಳುತ್ತದೆ; ರೆಪ್ಪೆ ಬಾತಿರುವ ಹೆಣ್ಣುಮಕ್ಕಳು ಅದನ್ನು ಬಿಡಲಿ. ಹಣೆಗೆ ವಿಭೂತಿ ಧರಿಸುವಾಗ ನೀರಿನಲ್ಲಿ ಕಲಸಿ ಧರಿಸಿದರೆ ಪುಡಿಯು ಕಣ್ಣಿಗೆ ಉದುರದು. ಮೊಡವೆಗೆಂದು ಐಸೊಟ್ರೆಟಿನೊಯಿನ್ ಮಾತ್ರೆ ನುಂಗುವ ತರುಣ ತರುಣಿಯರಿಗೆ ಕಣ್ಣು ಒಣಗುವುದುಂಟು. ಅದನ್ನು ವೈದ್ಯರಿಗೆ ತಿಳಿಸಬೇಕು. ಕಣ್ಣಿನೊಡನೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ ಅದು ಶೋಗ್ರೆನ್ ಎಂಬ ಬೇರೆ ರೋಗವಿರಬಹುದು. ಅದು ಹೆಂಗಸರಲ್ಲಿ ಹೆಚ್ಚು. ಕಣ್ಣಿನಲ್ಲಿ ತೀವ್ರ ನೋವು ಕಾಣಿಸಿದರೆ, ದೃಷ್ಟಿ ಕುಗ್ಗಿದರೆ, ಬೆಳಕು ಸಹಿಸಲಾಗದಿದ್ದರೆ ಒಂದು ದಿನವೂ ತಡಮಾಡಬಾರದು.

ಇಂದಿಗೂ ನಮ್ಮ ಕಣ್ಣು ಪೂರ್ತಿ ತಿಳಿಯಾಗಿಲ್ಲ. ಬೇಸಿಗೆಯ ಬಿಸಿಗಾಳಿಗೆ, ನಿದ್ದೆಗೆಟ್ಟ ಮರುದಿನ, ಅದು ಕೆಂಪಾಗಿಯೇ ಆಗುತ್ತದೆ. ಕಳೆದ ವರ್ಷ ಹೆಣ್ಣು ನೋಡಲು ಹೋದಾಗ ನಮ್ಮ ತಂದೆಯವರು ಕುಳಿತೊಡನೆಯೇ ಬೀಗರಾಗುವವರಿಗೆ, "ಹುಡುಗನ ಕಣ್ಣು ಕೆಂಪದಾವ್ರೀ, ಅದು ಎವಿ ರೋಗ. ಅಂಟೂದಲ್ಲ, ಚಟದ್ದೂ ಅಲ್ಲ. ದಿನಾ ಶಾಖ ಕೊಡಬೇಕಾಗ್ತದ" ಎಂದು ತಾವೇ ಬಿಡಿಸಿ ಹೇಳಿದರು. ಆ ಮನೆಯವರು ಒಪ್ಪಿದರು. ಈಗ ಸಂಜೆಯ ನೀರನ್ನು ಕಾಯಿಸುವವರು ಇಬ್ಬರಾಗಿದ್ದಾರೆ.

ಓದುಗ ಬಂಧುಗಳೇ, ನಿಮ್ಮ ಮನೆಯ ಮಗನೋ ಮಗಳೋ ದೂರದ ಊರಿನಿಂದ ಕೆಂಪುಗಣ್ಣಿನಿಂದ ಬಂದರೆ, ಅನುಮಾನಿಸುವ ಮುನ್ನ ಹತ್ತಿರ ಕೂರಿಸಿಕೊಂಡು "ಕಣ್ಣು ಉರಿಯುತ್ತದೆಯೇ?" ಎಂದು ಕೇಳಿರಿ. ಮಕ್ಕಳೂ ಸಿಟ್ಟಿನಿಂದ ಮೌನ ತಾಳದೆ ತಮ್ಮ ನೋವನ್ನು ಬಾಯಿಬಿಟ್ಟು ಹೇಳಲಿ. ನಾವು ಕಳೆದುಕೊಂಡ ಆ ಆರು ತಿಂಗಳನ್ನು ಬೇರೆ ಯಾವ ಮನೆಯೂ ಕಳೆದುಕೊಳ್ಳದಿರಲಿ.